ಐವತ್ತರಲ್ಲಿ ಮುಗಿದ ಅರವತ್ತು ನಿಮಿಷ

ಗಡಿಯಾರ ಸುಳ್ಳು ಹೇಳಿತು ಎಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ಗಡಿಯಾರಕ್ಕೆ ತಾನಾಗಿ ಸುಳ್ಳು ಹೇಳಲು ಬರುವುದಿಲ್ಲ, ಯಾರೋ ಕೂತು ಹೇಳಿಕೊಡಬೇಕು. ಒಂದು ಗಡಿಯಾರಕ್ಕೆ ಹಾಗೆ ಹೇಳಿಕೊಟ್ಟವಳು ನಾನೇ. ಹೇಳಿಕೊಡಿ ಎಂದು ನನ್ನ ಅಂಗಡಿಗೆ ಬಂದು ಕೂತವರು ಟಿ. ನರಸೀಪುರದ ಒಂದು ಶಾಲಾ ಸಂಸ್ಥೆಯ ಕಾರ್ಯದರ್ಶಿ. ಆದರೆ ಅದರಿಂದ ಪೆಟ್ಟು ತಿಂದವಳು ನನ್ನ ನಾದಿನಿ. ಅದೇ ಶಾಲೆಯ ಕಚೇರಿಯಲ್ಲಿ ಒಂಬತ್ತು ವರ್ಷ ಹಂಗಾಮಿ ಗುಮಾಸ್ತೆಯಾಗಿ ದುಡಿದವಳು ಅವಳು. ಕೆಲಸ ಕಾಯಂ ಆಗುವ ಒಂದೇ ಒಂದು ಅವಕಾಶ ಬಂತು, ಅದು ನಾನು ಬರೆದ ಎಂಟು ಸಾಲಿನಿಂದ ಕೈತಪ್ಪಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ಇದನ್ನು ಬರೆಯುತ್ತಲೂ ಇಲ್ಲ.

ನಂಜನಗೂಡಿನ ಪೇಟೆಯಲ್ಲಿ, ಬಾಳೆಹಣ್ಣಿನ ಮಂಡಿಯೊಂದರ ಮಹಡಿಯ ಮೇಲೆ ನನ್ನ ಅಂಗಡಿ. ಮದುವೆಯ ಕರೆಯೋಲೆ ಮೊಬೈಲಿಗೆ ವಿಡಿಯೊ ಆಗಿ ಬರುತ್ತದಲ್ಲ, ಹೂವು ಉದುರಿ ಹೆಸರು ಮೂಡುತ್ತದಲ್ಲ, ಅದು ನನ್ನ ಕೆಲಸ. ಊರಿನ ಕೇಬಲ್ ಚಾನೆಲ್ಲಿನಲ್ಲಿ ಸುದ್ದಿಯ ಕೆಳಗೆ ಓಡುವ ಪಟ್ಟಿ, ಸಭೆ ಸಮಾರಂಭಗಳ ದೊಡ್ಡ ಪರದೆಯ ಮೇಲೆ ಕುಣಿದು ಬಂದು ನಿಲ್ಲುವ ಅಕ್ಷರ, ಅವೂ ನನ್ನವೇ. ಮೋಷನ್ ಗ್ರಾಫಿಕ್ಸ್ ಎಂದು ಬೋರ್ಡು ಹಾಕಿದ್ದೇನೆ. ಮೆಟ್ಟಿಲು ಹತ್ತಿ ಬಂದವರು ಅದನ್ನು ಓದಿ, ನನ್ನ ಮುಖ ನೋಡಿ, "ಅಂದ್ರೆ ಕಂಪ್ಯೂಟರ್‌ನಲ್ಲಿ ಆಟ ಆಡೋದು ಅನ್ನಿ" ಎನ್ನುತ್ತಾರೆ. ಹದಿನಾಲ್ಕು ವರ್ಷದಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ನಿಮ್ಮ ಮಗನ ಹೆಸರು ಬಂಗಾರದ ಬಣ್ಣದಲ್ಲಿ ಹೊಳೆಯಬೇಕಾದಾಗ ಅದು ಕೆಲಸ, ನಾನು ಎರಡು ದಿನ ಸಮಯ ಕೇಳಿದರೆ ಅದು ಆಟ.

ಈ ಆಟದಲ್ಲೇ ನನಗೆ ಬಹಳ ಇಷ್ಟವಾದದ್ದು ಗಡಿಯಾರ ಮಾಡುವುದು. ಅರವತ್ತು ನಿಮಿಷದಿಂದ ಸೊನ್ನೆಗೆ ಇಳಿಯುವ ಗಡಿಯಾರ ಪರದೆಯ ಮೇಲೆ ಬೇಕೆಂದರೆ ಅಂಕಿ ಮೂರು ಸಾವಿರದ ಆರುನೂರು ಸಲ ಬದಲಾಗಬೇಕು. ಒಂದೊಂದನ್ನೂ ಕೈಯಿಂದ ಟೈಪ್ ಮಾಡಿ ಜೋಡಿಸಲು ಹೊರಟವರನ್ನು ನಾನು ಕಂಡಿದ್ದೇನೆ. ನಲವತ್ತಕ್ಕೋ ಐವತ್ತಕ್ಕೋ ಅವರ ಕುತ್ತಿಗೆ ಬಿದ್ದುಹೋಗುತ್ತದೆ. ನಾನು ಆ ಅಕ್ಷರದ ಪದರಕ್ಕೆ ಒಂದು ಎಕ್ಸ್‌ಪ್ರೆಶನ್ ಕಟ್ಟುತ್ತೇನೆ. ಎಕ್ಸ್‌ಪ್ರೆಶನ್ ಅಂದರೆ ಅಂಕಿಗಳಿಗೆ ಬರೆದುಕೊಟ್ಟ ಅಪ್ಪಣೆ ಅಷ್ಟೇ. ವಿಡಿಯೊ ಶುರುವಾಗಿ ಎಷ್ಟು ಸೆಕೆಂಡು ಆಯಿತು ನೋಡು. ಅದನ್ನು ಮೂರು ಸಾವಿರದ ಆರುನೂರರಲ್ಲಿ ಕಳೆ. ಉಳಿದದ್ದನ್ನು ಅರವತ್ತರಿಂದ ಭಾಗಿಸು, ಭಾಗಲಬ್ಧವನ್ನು ನಿಮಿಷದ ಜಾಗದಲ್ಲಿ ಇಡು, ಶೇಷವನ್ನು ಸೆಕೆಂಡಿನ ಜಾಗದಲ್ಲಿ ಇಡು. ಅಂಕಿ ಹತ್ತಕ್ಕಿಂತ ಕಡಿಮೆಯಾದರೆ ಅದರ ಎಡಕ್ಕೆ ಒಂದು ಸೊನ್ನೆ ಹಾಕು. ಎಂಟು ಸಾಲು ಬರೆದರೆ ಆಯಿತು, ಗಡಿಯಾರ ತಾನೇ ಓಡುತ್ತದೆ.

ಎಂಟು ಸಾಲು ಎಂದೆ, ಎಂಟು ನಿಮಿಷದ ಕೆಲಸ ಎಂದು ಹೇಳಲಿಲ್ಲ. ಆ ಸೊನ್ನೆ ಹಾಕುವುದು ಮರೆತರೆ ಒಂಬತ್ತು ನಿಮಿಷ ಐದು ಸೆಕೆಂಡು ಎನ್ನುವುದು ಒಂಬತ್ತು, ಎರಡು ಚುಕ್ಕಿ, ಐದು ಎಂದು ಬೋಳು ಬೋಳಾಗಿ ಕಾಣುತ್ತದೆ, ಅಂಕಿ ಎರಡಿದ್ದದ್ದು ಒಂದಾದಾಗ ಸಾಲು ಆಚೀಚೆ ಜಿಗಿಯುತ್ತದೆ. ಭಿನ್ನರಾಶಿಯನ್ನು ಕತ್ತರಿಸಿ ಕೆಳಗೆ ಇಳಿಸುವ ಬದಲು ಹತ್ತಿರದ ಅಂಕಿಗೆ ಏರಿಸಿಬಿಟ್ಟರೆ ನಾಲ್ಕು ನಿಮಿಷ ಅರವತ್ತು ಸೆಕೆಂಡು ಎಂದು ತೋರಿಸುತ್ತದೆ. ಒಂದು ಸಭೆಯ ಪರದೆಯಲ್ಲಿ ನಾನು ಅದನ್ನು ಕಣ್ಣಾರೆ ನೋಡಿದೆ. ಐನೂರು ಜನ ಕೂತಿದ್ದರು, ಒಬ್ಬರಿಗೂ ಏನೂ ಅನ್ನಿಸಲಿಲ್ಲ. ಪಕ್ಕದಲ್ಲಿದ್ದ ನನ್ನ ಗಂಡನ ತೋಳು ಚಿವುಟಿ ತೋರಿಸಿದೆ, ಅವರು "ಬಿಡು, ಒಂದ್ ಸೆಕೆಂಡು ತಾನೆ" ಎಂದರು.

ನಮ್ಮ ಕಡೆ ಕಾಲವೆಂದರೆ ಒಟ್ಟಾರೆ ಹಾಗೇ. ಕರೆಯೋಲೆಯಲ್ಲಿ ಹತ್ತು ಗಂಟೆ ಎಂದಿದ್ದರೆ ಜನ ಹನ್ನೊಂದಕ್ಕೆ ಮನೆ ಬಿಡುತ್ತಾರೆ, ಹಾಗೆ ಬಿಡುತ್ತಾರೆಂದು ಗೊತ್ತಿದ್ದೇ ಹತ್ತು ಎಂದು ಅಚ್ಚು ಹಾಕಿಸುತ್ತಾರೆ. ತಲಕಾಡಿನ ಬಸ್ಸು ಎಷ್ಟೊತ್ತಿಗೆ ಎಂದರೆ "ಇನ್ನೇನ್ ಬಂದೇಬುಡ್ತು" ಎನ್ನುತ್ತಾರೆ, ಆಮೇಲೆ ಮುಕ್ಕಾಲು ಗಂಟೆ ನಾವು ಕಲ್ಲುಬೆಂಚಿನ ಮೇಲೆ. ಮನೆಮನೆಯ ಗೋಡೆ ಗಡಿಯಾರವನ್ನೂ ಐದು ನಿಮಿಷವೋ ಹತ್ತು ನಿಮಿಷವೋ ಮುಂದೆ ತಿರುಗಿಸಿಟ್ಟಿರುತ್ತಾರೆ. ಯಾವುದೇ ಗಡುವು ಮುಗಿದಾಗ "ಇನ್ನೊಂದ್ ಹತ್ ನಿಮ್ಷ ಸಾ" ಎಂದು ಕೇಳುವುದು, ಕೇಳಿದವರಿಗೆ ಕೊಡುವುದು, ಇವೆರಡೂ ಮರ್ಯಾದೆಯ ಭಾಗ. ಕೇಳದೆ ಎದ್ದು ಹೋದವರನ್ನು ಜಂಭದವರು ಎನ್ನುತ್ತಾರೆ.

ನನ್ನ ನಾದಿನಿ ಹೀಗೆ ಕೇಳುವವಳಲ್ಲ. ನನ್ನ ಗಂಡನ ತಂಗಿ, ಮದುವೆಯಾಗಿ ಟಿ. ನರಸೀಪುರಕ್ಕೆ ಹೋದವಳು, ಒಬ್ಬಳು ಮಗಳಿದ್ದಾಳೆ. ಶಾಲೆಯ ಕಚೇರಿಯಲ್ಲಿ ಪತ್ರ ಬರೆಯುವುದು, ಟೈಪ್ ಮಾಡುವುದು, ದಾಖಲಾತಿ, ವರ್ಗಾವಣೆ ಪತ್ರ, ಎಲ್ಲವೂ ಅವಳ ಕೈಯಲ್ಲಿ. ಒಂಬತ್ತು ಗಂಟೆ ಎಂದರೆ ಒಂಬತ್ತಕ್ಕೆ ಕುರ್ಚಿಯಲ್ಲಿ ಇರುತ್ತಾಳೆ. ತವರಿಗೆ ಬಂದರೆ ಸಂಜೆ ನಾಲ್ಕರ ಬಸ್ಸಿಗೆ ಮೂರೂವರೆಗೇ ಚಪ್ಪಲಿ ಮೆಟ್ಟಿ ನಿಲ್ಲುತ್ತಾಳೆ. ನಾವು ಅವಳನ್ನು ಎಷ್ಟು ರೇಗಿಸುತ್ತಿದ್ದೆವೋ. ಅಷ್ಟು ಕರಾರುವಾಕ್ಕಾದವಳಿಗೆ ಒಂಬತ್ತು ವರ್ಷದಿಂದ ಪ್ರತಿ ಜೂನ್ ತಿಂಗಳಲ್ಲಿ ಹೊಸದಾಗಿ ನೇಮಕದ ಆದೇಶ, ಪ್ರತಿ ಏಪ್ರಿಲ್‌ನಲ್ಲಿ ಬಿಡುಗಡೆ. ಬೇಸಿಗೆಯಲ್ಲಿ ಹುಷಾರು ತಪ್ಪಿದರೂ ಅವಳು ಯಾವ ಲೆಕ್ಕಕ್ಕೂ ಸೇರದವಳು. ಕಾಯಂ ಆಗಬೇಕು ಎನ್ನುವುದು ಅವಳ ಒಂದೇ ಆಸೆ. ಅದನ್ನು ಅವಳು ನಮ್ಮ ಮುಂದೆ ಬಾಯಿಬಿಟ್ಟು ಹೇಳಿದ್ದು ಎರಡೋ ಮೂರೋ ಸಲ ಇರಬೇಕು.

ಕಾರ್ಯದರ್ಶಿಗಳಿಗೆ ನನ್ನ ಅಂಗಡಿಯ ದಾರಿ ತೋರಿಸಿದವಳು ಅವಳೇ. ಪರದೆಯ ಮೇಲೆ ತೋರಿಸಲು ಗಡಿಯಾರ ಬೇಕಂತೆ ಎಂದು ಕಚೇರಿಯಲ್ಲಿ ಮಾತು ಬಂದಾಗ, "ನಮ್ಮ ಅತ್ತಿಗೆ ಮಾಡ್ತಾರೆ ಸಾರ್, ಭಾಳ ಅಚ್ಚುಕಟ್ಟು" ಎಂದಿದ್ದಳಂತೆ.

ಒಂದು ಶನಿವಾರ ಬೆಳಿಗ್ಗೆ ಅವರು ಬಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಮಾತಿನಲ್ಲಿ ನಯ, ಕೂರುವ ಮೊದಲೇ ನನ್ನ ಕೆಲಸವನ್ನು ಎರಡು ಸಲ ಹೊಗಳಿದರು. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಹತ್ತನೇ ತರಗತಿ ಮಕ್ಕಳಿಗೆ ಪ್ರಾಕ್ಟೀಸ್ ಪರೀಕ್ಷೆ ಮಾಡುತ್ತೇವೆ, ಮಹಡಿಯ ಮೇಲಿನ ಹೊಸ ಹಾಲಿನಲ್ಲಿ ಗಡಿಯಾರವಿಲ್ಲ, ಪ್ರೊಜೆಕ್ಟರ್ ಇದೆ, ಅರವತ್ತು ನಿಮಿಷ ಇಳಿಯುತ್ತಾ ಬರುವ ವಿಡಿಯೊ ಮಾಡಿಕೊಡಿ ಎಂದರು. ಆಗಲಿ ಎಂದೆ. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇನ್ನೊಂದು ಮಾಡಬೇಕಲ್ಲಮ್ಮ. ತೋರ್ಸೋದು ಅರವತ್ತು, ಮುಗಿಯೋದು ಐವತ್ತಕ್ಕೆ. ಹಂಗೆ ಮಾಡಕಾಗುತ್ತಾ?"

"ಯಾಕೆ ಸಾರ್?"

"ನಮ್ ಜನ ಹೆಂಗೆ ಗೊತ್ತಲ್ಲ. ಟೈಮ್ ಆಯ್ತು ಅಂದ್ರೆ ಹತ್ ನಿಮ್ಷ ಕೊಡಿ ಸಾ ಅಂತ ಕೂತ್ಕತಾರೆ. ಐವತ್ತಕ್ಕೇ ಸೊನ್ನೆ ಬಂದ್ರೆ, ಆಮೇಲೆ ಹತ್ ನಿಮ್ಷ ನಾವೇ ಕೊಟ್ಟಂಗೂ ಆಯ್ತು, ಸರಿಯಾಗಿ ಅರವತ್ತಕ್ಕೆ ಮುಗಿದಂಗೂ ಆಯ್ತು. ಮಕ್ಕಳೂ ಚುರುಕಾಗಿ ಬರೀತವೆ."

ಗಡಿಯಾರ ಸುಳ್ಳು ತೋರಿಸಬಾರದು ಎಂದು ನಾನು ಹೇಳಿದೆ. ಇಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಲ್ಲೆ. ಅವರು ನಕ್ಕರು.

"ನಿಮ್ಮನೆ ಗೋಡೆ ಗಡಿಯಾರ ಎಷ್ಟು ಮುಂದಿಟ್ಟಿದ್ದೀರ, ಹೇಳಿ ನೋಡಣ."

ನಮ್ಮ ಮನೆಯದು ಏಳು ನಿಮಿಷ ಮುಂದಿತ್ತು. ನನ್ನ ಬಾಯಿ ಮುಚ್ಚಿಸಲು ಅಷ್ಟು ಸಾಕಾಯಿತಲ್ಲ ಎಂದು ಈಗ ನೆನೆದರೆ ನನ್ನ ಮೇಲೇ ರೇಗುತ್ತದೆ. ಈ ವಿಷಯ ಶಾಲೆಯಲ್ಲಿ ಯಾರಿಗೂ ಹೇಳಬೇಡಿ, ಮೇಷ್ಟ್ರುಗಳಿಗೆ ಗೊತ್ತಾದರೆ ಮಕ್ಕಳಿಗೆ ಗೊತ್ತಾದ ಹಾಗೇ ಎಂದೂ ಅವರು ಹೇಳಿದರು. ಅದಕ್ಕೂ ತಲೆಯಾಡಿಸಿದೆ.

ಮಾಡುವುದು ಏನೂ ಕಷ್ಟವಿರಲಿಲ್ಲ. ಮೊದಲನೇ ಸಾಲಿನಲ್ಲಿ ಕಳೆದ ಸೆಕೆಂಡುಗಳನ್ನು ಎಣಿಸುತ್ತದಲ್ಲ, ಆ ಎಣಿಕೆಯನ್ನು ಒಂದು ಪಾಯಿಂಟ್ ಎರಡರಿಂದ ಗುಣಿಸು ಎಂದು ಬರೆದೆ. ಹೊರಗೆ ಐದು ಸೆಕೆಂಡು ಕಳೆಯುವುದರೊಳಗೆ ಪರದೆಯ ಮೇಲೆ ಆರು ಕಳೆಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಿಡಿದು ಪೂರ್ತಿ ಓಡಿಸಿ ನೋಡಿದೆ, ಸರಿಯಾಗಿ ಐವತ್ತು ನಿಮಿಷಕ್ಕೆ ಸೊನ್ನೆ ಸೊನ್ನೆ ಬಂದು ನಿಂತಿತು. ಕಡುನೀಲಿ ಹಿನ್ನೆಲೆ, ಹಳದಿ ಅಂಕಿ, ಕೊನೆಯ ಐದು ನಿಮಿಷ ಅಂಕಿ ಕೆಂಪಾಗುತ್ತದೆ. ಎಷ್ಟು ನುಣ್ಣಗೆ ಓಡುತ್ತಿತ್ತೆಂದರೆ ನನಗೇ ಹೆಮ್ಮೆಯಾಯಿತು. ಜೊತೆಗೆ ನಿಜವಾದ ಅರವತ್ತು ನಿಮಿಷದ್ದನ್ನೂ ಒಂದು ಮಾಡಿದೆ. ಒಂದರ ಹೆಸರು 'ಸರಿ', ಇನ್ನೊಂದರ ಹೆಸರು 'ಬೇಗ'. ಎರಡನ್ನೂ ಪೆನ್‌ಡ್ರೈವಿಗೆ ಹಾಕಿ, ಯಾವುದು ಯಾವುದೆಂದು ಬಾಯಲ್ಲೂ ಹೇಳಿ, ಅವರ ಕೈಯಲ್ಲೇ ಕೊಟ್ಟೆ. ಮಕ್ಕಳ ಪ್ರಾಕ್ಟೀಸ್ ತಾನೆ ಎಂದು ಮರೆತೂಬಿಟ್ಟೆ.

ಮುಂದಿನ ತಿಂಗಳು ನಾದಿನಿಯ ಶಾಲೆಯಲ್ಲಿ ಕಾಯಂ ಗುಮಾಸ್ತರ ಒಂದು ಹುದ್ದೆಗೆ ಪರೀಕ್ಷೆ ಕರೆದರು. ಹೊರಗಿನವರೂ ಬರೆಯಬಹುದು, ಒಳಗಿನವರೂ ಬರೆಯಬಹುದು. ಹನ್ನೆರಡು ಜನ ಅರ್ಜಿ ಹಾಕಿದ್ದರು. ನಾದಿನಿ ರಜೆ ಹಾಕದೆ, ಮನೆ ಕೆಲಸ ಬಿಡದೆ, ಬೆಳಗಿನ ಜಾವ ಎದ್ದು ಓದಿದಳು. ಪರೀಕ್ಷೆ ಒಂದು ಭಾನುವಾರ. ಅದೇ ಮಧ್ಯಾಹ್ನ ಸುತ್ತೂರು ಮಾರ್ಗದ ಬಸ್ಸು ಹಿಡಿದು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಊಟಕ್ಕೆ ಕೂತಾಗ ಹೇಗಾಯಿತೆಂದು ಕೇಳಿದೆ.

"ಎಲ್ಲಾ ಬರೆದೆ ಅತ್ತಿಗೆ. ಕೊನೇದೊಂದು ಅರ್ಧ ಉಳೀತು."

"ಯಾವುದು?"

"ಮೇಲಧಿಕಾರಿಗಳಿಗೆ ಪತ್ರದ ಕರಡು ಬರೀಬೇಕಿತ್ತು. ಅದಕ್ಕೇ ಜಾಸ್ತಿ ಮಾರ್ಕ್ಸು." ಅನ್ನ ಕಲಸುತ್ತಾ ಮುಂದುವರಿಸಿದಳು. "ದಿನಾ ಬರೆಯೋದು ಅದನ್ನೇ. ಬರುತ್ತೆ ಅಂತಾನೇ ಕೊನೇಗೆ ಇಟ್ಕಂಡಿದ್ದೆ. ಟೈಮ್ ಸಾಲಲಿಲ್ಲ."

ಆಮೇಲೆ ನನ್ನನ್ನು ಸಂತೋಷಪಡಿಸಲೆಂದು, "ಹಾಲಲ್ಲಿ ನಿಮ್ಮ ಗಡಿಯಾರಾನೇ ಹಾಕಿದ್ರು. ಹಳದೀದು. ಚೆನ್ನಾಗಿ ಕಾಣ್ತಿತ್ತು" ಎಂದಳು.

ಸಾರಿನ ಸೌಟು ಕೆಳಗಿಟ್ಟು, ಎಷ್ಟು ಗಂಟೆಗೆ ಶುರುವಾಯಿತು ಎಂದು ಕೇಳಿದೆ. ಹತ್ತೂವರೆಗೆ ಗಂಟೆ ಹೊಡೆದರಂತೆ. ಕೈಗಡಿಯಾರ, ಮೊಬೈಲು ಎಲ್ಲವನ್ನೂ ಬಾಗಿಲಲ್ಲೇ ಇಸಿದುಕೊಂಡಿದ್ದರಂತೆ. ಪರದೆಯಲ್ಲಿ ಸೊನ್ನೆ ಬಂದ ಕೂಡಲೇ ಪೆನ್ನು ಕೆಳಗಿಡಬೇಕು ಎಂದು ಮೊದಲೇ ಹೇಳಿದ್ದರಂತೆ. ಅವಳು ಇಟ್ಟಳು, ಪೇಪರ್ ಕೊಟ್ಟಳು, ಹೊರಗೆ ಬಂದು ಮೊಬೈಲು ತೆಗೆದುಕೊಂಡು ಗಂಡನಿಗೆ ಫೋನ್ ಮಾಡಿದಳು. ನಾನು ಅವಳ ಮೊಬೈಲು ಇಸಿದುಕೊಂಡು ನೋಡಿದೆ. ಕರೆ ಹೋದದ್ದು ಹನ್ನೊಂದು ಇಪ್ಪತ್ತೆರಡಕ್ಕೆ.

"ಅದು ಐವತ್ತೇ ನಿಮಿಷ ಕಣೆ" ಎಂದೆ. ನಾನು ಮಾಡಿದ್ದು, ಯಾರು ಮಾಡಿಸಿದ್ದು, ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡಳು. ತಟ್ಟೆಯ ಅಂಚಿಗೆ ಅನ್ನವನ್ನು ಸರಿಸಿ, "ಹೋಗ್ಲಿ ಬುಡಿ. ಎಲ್ರಿಗೂ ಐವತ್ತೇ ತಾನೆ" ಎಂದಳು. ಅದು ಸರಿಯೆನಿಸಿತು. ಎಲ್ಲರಿಗೂ ಒಂದೇ ಅಳತೆಯಾದರೆ ಅಳತೆ ತಪ್ಪಿದ್ದರೂ ಅನ್ಯಾಯವಾಗುವುದಿಲ್ಲ ಎಂದುಕೊಂಡು ನಾನೂ ಸಮಾಧಾನ ಮಾಡಿಕೊಂಡೆ.

ಎರಡು ವಾರಕ್ಕೆ ಫಲಿತಾಂಶದ ಪಟ್ಟಿ ಅಂಟಿಸಿದರು. ನಾದಿನಿ ಎರಡನೆಯವಳು. ಇದ್ದದ್ದು ಒಂದು ಹುದ್ದೆ.

ಮರುದಿನ ಅಂಗಡಿಗೆ ಬೀಗ ಹಾಕಿ ಲ್ಯಾಪ್‌ಟಾಪ್ ಹೆಗಲಿಗೆ ಏರಿಸಿಕೊಂಡು ಬಸ್ಸು ಹತ್ತಿದೆ. ಅವರನ್ನು ಕಂಡು ಏನು ಕೇಳಬೇಕೆಂದು ನಿಜವಾಗಿ ನನಗೂ ಗೊತ್ತಿರಲಿಲ್ಲ. ಮಕ್ಕಳಿಗೆಂದು ಮಾಡಿಸಿಕೊಂಡದ್ದನ್ನು ದೊಡ್ಡವರ ಹೊಟ್ಟೆಪಾಡಿನ ಪರೀಕ್ಷೆಗೆ ಹೇಗೆ ಹಾಕಿದಿರಿ ಎಂದಷ್ಟೇ ಕೇಳೋಣ ಎಂದುಕೊಂಡಿದ್ದೆ. ಶಾಲೆಯ ಮೆಟ್ಟಿಲ ಮೇಲೆ ವಯಸ್ಸಾದ ಅಟೆಂಡರ್ ಒಬ್ಬರು ಕೂತಿದ್ದರು. ಪರೀಕ್ಷೆಯ ದಿನ ಹಾಲಿನ ಬಾಗಿಲಲ್ಲಿ ನಿಂತವರೂ ಅವರೇ. ನಾನು ಯಾರೆಂದು ತಿಳಿದ ಮೇಲೆ ತಾವಾಗಿಯೇ ಮಾತು ತೆಗೆದರು.

"ಸೊನ್ನೆ ಬಂತು ಕಣವ್ವ, ಎಲ್ಲಾ ಅತ್ ನಿಮ್ಸ ಕೊಡಿ ಸಾ ಅಂತ ಗಲಾಟೆ ಮಾಡುದ್ರು. ಸೆಕ್ರೆಟ್ರಿ ಸಾಯೇಬ್ರು ಆಯ್ತು ಬರ್ಕಳಿ ಅಂದ್ರು. ಅಷ್ಟೊತ್ಗೆ ನಿಮ್ ನಾದ್ನಿ ಪೇಪರ್ ಕೊಟ್ಬುಟ್ಟು ಮೆಟ್ಲು ಇಳಿದಿತ್ತು. ಕರ್ಯಾನ ಅಂದೆ. ಓಗ್ಲಿ ಬುಡು, ಕೊಟ್ಮೇಲೆ ಕೊಟ್ಟಂಗೆ ಅಂದ್ರು."

"ಉಳಿದ ಹನ್ನೊಂದು ಜನವೂ ಕೂತು ಬರೆದ್ರಾ?"

"ಎಲ್ಲಾ ಬರುದ್ರು ಕಣವ್ವ. ನಿಮ್ಮೋರೊಬ್ರೇ ಇರ್ನಿಲ್ಲ."

ಅವರಲ್ಲಿ ನೀರು ಕೇಳಿ ಕುಡಿದೆ. ಹನ್ನೆರಡು ಜನರಲ್ಲಿ ಹೇಳಿದ ಮಾತನ್ನು ಹೇಳಿದ ಹಾಗೆ ನಂಬಿ ನಡೆದವಳು ಒಬ್ಬಳು, ಹತ್ತು ನಿಮಿಷ ಕಳೆದುಕೊಂಡವಳೂ ಅವಳೊಬ್ಬಳೇ. ಶಿಸ್ತು ಬೇಕು, ಸಮಯಪಾಲನೆ ಬೇಕು ಎಂದು ಆ ಶಾಲೆಯ ಗೋಡೆಯ ತುಂಬ ಬರೆಸಿದ್ದಾರೆ. ಆ ಬರಹಗಳ ಕೆಳಗೇ ನಿಂತು ನಾನು ನೀರು ಕುಡಿಯುತ್ತಿದ್ದೆ.

ಕಾರ್ಯದರ್ಶಿಗಳು ಒಳಗೇ ಇದ್ದರು. ಕೂರಿಸಿದರು, ಕಾಫಿ ಹೇಳಿದರು. ಬೇಡ ಎಂದೆ.

"ಮಕ್ಕಳಿಗೆ ಅಂದಿದ್ರಿ ಸಾರ್."

"ಮಕ್ಕಳಿಗೂ ಹಾಕ್ತೀವಿ ಕಣಮ್ಮ. ಇದ್ದದ್ದು ಉಪಯೋಗಕ್ಕೆ ಬಂತು."

"'ಸರಿ' ಅಂತ ಇನ್ನೊಂದು ಕೊಟ್ಟಿದ್ದೆ. ಅದನ್ನ ಹಾಕಬಹುದಿತ್ತು."

"ಅದನ್ನ ಹಾಕಿದ್ರೆ ಎಪ್ಪತ್ತು ನಿಮಿಷ ಆಗೋದು. ಹನ್ನೊಂದೂವರೆಗೆ ಮುಗಿಸಬೇಕಿತ್ತು, ಮುಗಿಸಿದ್ವಿ. ಐವತ್ತು ತೋರಿಸಿದ್ವಿ, ಹತ್ತು ಕೊಟ್ವಿ. ಎಷ್ಟಾಯ್ತು ನೀವೇ ಹೇಳಿ, ಲೆಕ್ಕ ನಿಮಗೆ ಚೆನ್ನಾಗಿ ಬರುತ್ತಲ್ಲ."

"ಅವಳಿಗೆ ಕೊಡಲಿಲ್ಲ."

"ಎಲ್ರೂ ಕೇಳಿದ್ರು, ಕೊಟ್ವಿ. ಆಯಮ್ಮ ಯಾಕೆ ಕೇಳ್ಲಿಲ್ಲ? ಯಾರು ಬೇಡ ಅಂದ್ರು?"

ಇದನ್ನು ಅವರು ಕುಹಕದಿಂದ ಹೇಳಲಿಲ್ಲ. ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ. ಸೊನ್ನೆ ಬಂದ ಮೇಲೂ ಕೇಳಿದರೆ ಸಿಗುತ್ತದೆ ಎನ್ನುವುದು ಅವರ ಮಟ್ಟಿಗೆ ಹುಟ್ಟಿದವರಿಗೆಲ್ಲ ಗೊತ್ತಿರಬೇಕಾದ ಸಂಗತಿ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಬೇಕೆಂದೇ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು.

"ನಮ್ಮನೆ ಗಡಿಯಾರ ಏಳು ನಿಮಿಷ ಮುಂದಿದೆ ಸಾರ್" ಎಂದೆ. ದನಿ ಏರಿತ್ತು, ಹೊರಗಿನ ಕಚೇರಿಯಲ್ಲಿ ಟೈಪ್ ಮಾಡುವ ಸದ್ದು ನಿಂತಿತು. "ಮನೇಲಿರೋ ಎಲ್ರಿಗೂ ಅದು ಗೊತ್ತು. ನೋಡಿದವರು ಏಳು ನಿಮಿಷ ಕಳೆದೇ ನೋಡ್ತಾರೆ, ಅದಕ್ಕೇ ಯಾರೂ ಮೋಸ ಹೋಗಲ್ಲ. ನಿಮ್ಮ ಗಡಿಯಾರ ಮುಂದೆ ಓಡ್ತಿದೆ ಅಂತ ಆ ಹಾಲಲ್ಲಿ ಯಾರಿಗೆ ಗೊತ್ತಿತ್ತು?"

ಅವರು ಮೆತ್ತಗೆ, "ನಿಮಗೆ ಗೊತ್ತಿತ್ತಲ್ಲಮ್ಮ" ಎಂದರು.

ನಾನು ಲ್ಯಾಪ್‌ಟಾಪ್ ತೆರೆಯಲೂ ಇಲ್ಲ. ಎದ್ದು ಬಂದೆ. ಹೊರಗಿನ ಕಚೇರಿಯಲ್ಲಿ ನಾದಿನಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಮುಂದೆ ನಿಲ್ಲದೆ ಬಸ್‌ಸ್ಟ್ಯಾಂಡಿಗೆ ನಡೆದೆ.

ಸುಮ್ಮನೆ ಬಿಡುವ ಜಾಯಮಾನ ನನ್ನದಲ್ಲ. ಮನೆಗೆ ಬಂದು ಸಂಸ್ಥೆಯ ಆಡಳಿತ ಮಂಡಳಿಗೆ ಎರಡು ಪುಟದ ಮನವಿ ಬರೆದೆ. ಗಡಿಯಾರ ಮಾಡಿದವಳು ನಾನು, ಐದು ಸೆಕೆಂಡಿಗೆ ಆರು ಓಡುವಂತೆ ಮಾಡಿದ್ದು ಇಂಥವರ ಸೂಚನೆಯ ಮೇರೆಗೆ, ಇಗೋ ಆ ಎಂಟು ಸಾಲು, ಇಗೋ ಒಂದು ಪಾಯಿಂಟ್ ಎರಡು, ಎಂದು ಎಲ್ಲವನ್ನೂ ಪ್ರಿಂಟ್ ತೆಗೆದು ಲಗತ್ತಿಸಿದೆ. ಹನ್ನೊಂದು ಇಪ್ಪತ್ತೆರಡರ ಕರೆಯ ಚಿತ್ರವನ್ನೂ ಇಟ್ಟೆ. ಮತ್ತೆ ಪರೀಕ್ಷೆ ನಡೆಸಿ, ಇಲ್ಲವೇ ಆ ಒಂದು ಪ್ರಶ್ನೆಯನ್ನಾದರೂ ಅವಳಿಂದ ಮತ್ತೆ ಬರೆಸಿ ಎಂದು ಕೇಳಿದೆ. ನಾದಿನಿಗೆ ಇದು ಇಷ್ಟವಿರಲಿಲ್ಲ. "ನಿಮ್ಮ ಹೆಸರು ಕೆಡುತ್ತೆ ಅತ್ತಿಗೆ" ಎಂದಳು. ನನ್ನ ಹೆಸರು ಏನಾದರೂ ಆಗಲಿ ಎಂದು ಗದರಿ, ಸಹಿ ಹಾಕಿ, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ.

ಉತ್ತರ ಬರಲು ಒಂದು ತಿಂಗಳಾಯಿತು. ಮೂರೇ ವಾಕ್ಯ. ಪರೀಕ್ಷೆಗೆ ನಿಗದಿಪಡಿಸಿದ ಅರವತ್ತು ನಿಮಿಷಗಳ ಅವಧಿಯನ್ನು ಪೂರ್ಣವಾಗಿ ನೀಡಲಾಗಿರುತ್ತದೆ. ಸದರಿ ಅಭ್ಯರ್ಥಿಯು ಅವಧಿ ಮುಗಿಯುವ ಮೊದಲೇ ಸ್ವಇಚ್ಛೆಯಿಂದ ಹೊರನಡೆದಿರುತ್ತಾರೆ. ಆದ್ದರಿಂದ ತಮ್ಮ ಮನವಿಯನ್ನು ಪುರಸ್ಕರಿಸಲು ಅವಕಾಶವಿರುವುದಿಲ್ಲ.

ಮೂರು ಸಲ ಓದಿದೆ. ಎಲ್ಲಿ ಹಿಡಿದು ಜಗ್ಗಿದರೂ ಒಂದು ಪದ ಸುಳ್ಳಲ್ಲ. ಅರವತ್ತು ನಿಮಿಷ ಕೊಟ್ಟದ್ದು ನಿಜ, ಅವಳು ಮೊದಲೇ ಹೊರಗೆ ಬಂದದ್ದು ನಿಜ, ಯಾರೂ ಹೊರಗೆ ತಳ್ಳಲಿಲ್ಲ ಎನ್ನುವುದೂ ನಿಜ. ಎಲ್ಲವೂ ನಿಜವಾಗಿದ್ದು ಒಟ್ಟಿನಲ್ಲಿ ಹಸಿ ಸುಳ್ಳಾಗಿರುವ ಪತ್ರ. ನನಗೆ ಅಳುವಷ್ಟು ಕೋಪ ಬಂತು. ಕೋಪದಲ್ಲೂ ಕಣ್ಣಿಗೆ ಇನ್ನೊಂದು ಬಿತ್ತು. ಪತ್ರ ಬಹಳ ಅಚ್ಚುಕಟ್ಟಾಗಿತ್ತು. ಅಂಚು ಸರಿಯಾಗಿ ಕೂತಿತ್ತು, ಒತ್ತು ದೀರ್ಘ ಒಂದೂ ತಪ್ಪಿರಲಿಲ್ಲ, ವಿಷಯ, ಉಲ್ಲೇಖ, ಎಲ್ಲ ಅದರದರ ಜಾಗದಲ್ಲಿ. ನಾದಿನಿಗೆ ಫೋನ್ ಮಾಡಿದೆ.

"ಕಾಗದ ಬಂತು ಕಣೆ. ಇದನ್ನ ಟೈಪ್ ಮಾಡಿದ್ದು ಯಾರು?"

"ನಾನೇ ಅತ್ತಿಗೆ. ಹೊಸಬರು ಇನ್ನೂ ಕೆಲಸಕ್ಕೆ ಬಂದಿಲ್ಲ."

"ಅವರು ಕೊಟ್ಟರು ಅಂತ ನೀನು ಮಾಡಿಬಿಟ್ಟೆಯಾ?"

"ಕರಡಲ್ಲಿ ಎರಡು ತಪ್ಪಿತ್ತು. ತಿದ್ದಿದೆ."

ನಾನು ರೇಗಿಬಿಟ್ಟೆ. ಕಾರ್ಯದರ್ಶಿಗೆ ಬಯ್ಯಲಾಗದ್ದನ್ನೆಲ್ಲ ಅವಳಿಗೆ ಬಯ್ದೆ. ಎಲ್ಲರೂ ಬಾಯಿ ಬಿಟ್ಟು ಕೇಳುವಾಗ ನಿನಗೊಬ್ಬಳಿಗೆ ಏನಾಗಿತ್ತು, ಕಣ್ಣು ಮುಚ್ಚಿಕೊಂಡು ಪೇಪರ್ ಕೊಟ್ಟು ಬರುವುದಾ, ಆ ಹಾಳು ಗಡಿಯಾರ ಕುದುರೆಯಂತೆ ಓಡುವುದು ಒಂದು ಚೂರೂ ಗೊತ್ತಾಗಲಿಲ್ಲವಾ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಗೊತ್ತಾಗಿತ್ತು ಅತ್ತಿಗೆ" ಎಂದಳು. "ಒಂದು ಪುಟ ಬರೆಯೋಕೆ ನಂಗೆ ಎಷ್ಟು ಹೊತ್ತು ಬೇಕು ಅಂತ ನಂಗೆ ಗೊತ್ತಿಲ್ವಾ. ಎರಡನೇ ಪುಟಕ್ಕೇ ಅನುಮಾನ ಬಂತು. ಜಾಸ್ತಿ ಓಡ್ತಿದೆ ಅಂತ ಕೇಳೋಣ ಅಂತ ಎದ್ದು ನಿಂತೂ ಇದ್ದೆ. ಏನಮ್ಮಾ ಅಂದ್ರು ಸೆಕ್ರೆಟ್ರಿ ಸಾರ್. ಆಮೇಲೆ, ಅದು ಅತ್ತಿಗೆ ಮಾಡಿದ್ದು, ಅವರ ಲೆಕ್ಕ ತಪ್ಪಲ್ಲ, ನಂಗೇ ಭಯಕ್ಕೆ ಹಂಗನ್ನಿಸ್ತಿದೆ ಅಂದ್ಕಂಡು, ಏನಿಲ್ಲ ಸಾರ್ ಅಂತ ಕೂತ್ಕಂಡೆ."

ಕಾರ್ಯದರ್ಶಿಗಳನ್ನು ಬಯ್ಯುವುದನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಅವಳನ್ನು ಬಯ್ಯುವುದು ಮಾತ್ರ ಆ ದಿನ ಅಲ್ಲಿಗೇ ನಿಂತಿತು. ಅವಳೇ, "ಇಡ್ತೀನಿ ಅತ್ತಿಗೆ, ಊಟದ ಬಿಡುವು ಮುಗೀತು" ಎಂದಳು.